ಕೆರೆಯ ಪಾಚಿ ನೋಡಲು ಫೋಲ್ಡ್‌ಸ್ಕೋಪ್: ಎಲ್ಲಿಯವರೆಗೆ ನಂಬಬಹುದು?

ಕೆರೆ ನೀರಿನಲ್ಲಿ ಯಾವ ಬಗೆಯ ಪಾಚಿ ಬೆಳೆದಿದೆ ಎಂದು ತಿಳಿಯಲು ಫೋಲ್ಡ್‌ಸ್ಕೋಪ್ ಧಾರಾಳವಾಗಿ ಸಾಕು. ಎಷ್ಟು ಬೆಳೆದಿದೆ ಎಂದು ಎಣಿಸಲು ಸಾಲದು. ಆ ನೀರು ದನ ಕುಡಿಯಬಹುದೇ, ಮಕ್ಕಳು ಇಳಿಯಬಹುದೇ ಎಂಬುದನ್ನು ಇದರಿಂದ ಹೇಳಲು ಹೊರಟರೆ ಅಪಾಯ. ಈ ವ್ಯತ್ಯಾಸ ಗೊತ್ತಿಲ್ಲದೆ ಕೊಂಡವರು ಒಂದೋ ಎರಡು ವಾರದಲ್ಲಿ ಬೇಸರಗೊಂಡು ಡಬ್ಬಿಯಲ್ಲಿಟ್ಟುಬಿಡುತ್ತಾರೆ, ಇಲ್ಲವೇ ಕಂಡದ್ದಕ್ಕಿಂತ ಹೆಚ್ಚು ಹೇಳತೊಡಗುತ್ತಾರೆ.

ಫೋಲ್ಡ್‌ಸ್ಕೋಪ್ ಎಂದರೆ ಮಡಚಿ ಕಟ್ಟುವ ಕಾಗದದ ಸೂಕ್ಷ್ಮದರ್ಶಕ. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ಮನು ಪ್ರಕಾಶ್ ಮತ್ತು ಜಿಮ್ ಸಿಬುಲ್ಸ್ಕಿ ರೂಪಿಸಿದ್ದು, ಅದರ ವಿವರದ ಪ್ರಬಂಧ 2014ರಲ್ಲಿ ಬಂತು. 2015ರಲ್ಲಿ ಕೇಂದ್ರದ ಜೈವಿಕ ತಂತ್ರಜ್ಞಾನ ಇಲಾಖೆ ಪ್ರಕಾಶ್ ಅವರ ಪ್ರಯೋಗಾಲಯದೊಂದಿಗೆ ಒಪ್ಪಂದ ಮಾಡಿಕೊಂಡ ಮೇಲೆ ನಮ್ಮ ಶಾಲಾ ಕಾಲೇಜುಗಳಿಗೂ ಹರಿದುಬಂತು. ಬಿಡಿಭಾಗಗಳ ಖರ್ಚು ಒಂದು ಡಾಲರಿಗಿಂತ ಕಡಿಮೆ ಎಂಬ ಮಾತು ಆ ಪ್ರಬಂಧದ್ದು. ಅಂಗಡಿಯಲ್ಲಿ ಸ್ಲೈಡು, ಅಯಸ್ಕಾಂತ, ಡಬ್ಬಿ ಸೇರಿಸಿ ಕೊಡುವ ಕಿಟ್ಟಿನ ಬೆಲೆ ಅದಲ್ಲ. ಆದರೂ ಕಾಲೇಜಿನ ಮಾಮೂಲಿ ಸೂಕ್ಷ್ಮದರ್ಶಕಕ್ಕೆ ಹೋಲಿಸಿದರೆ ಅಗ್ಗವೇ. ಮುಖ್ಯವಾಗಿ, ಅಂಗಿಯ ಜೇಬಿನಲ್ಲಿಟ್ಟುಕೊಂಡು ಕೆರೆ ಏರಿಯ ಮೇಲೆ ನಡೆಯಬಹುದು.

ಕಾಗದ ಎಂದರೂ ನೀರಿಗೆ ನೆನೆದು ಹರಿಯುವಂಥದ್ದಲ್ಲ. ಭಾಗಗಳನ್ನು ಹಾಳೆಯಿಂದ ಬಿಡಿಸಿ ಮಡಚಿ ಕೂಡಿಸಬೇಕು. ಇಲ್ಲಿ ಆತುರ ಬೇಡ. ಮಡಿಕೆಯ ಗೆರೆಯನ್ನು ಉಗುರಿನಿಂದ ಒತ್ತಿ ಚೂಪು ಮಾಡದಿದ್ದರೆ ಮಸೂರವಿರುವ ಭಾಗವೂ ಸ್ಲೈಡ್ ಕೂರುವ ಭಾಗವೂ ಸಮಾನಾಂತರವಾಗಿ ಕೂರುವುದಿಲ್ಲ; ಆಗ ಚಿತ್ರದ ಒಂದು ಬದಿ ಸ್ಪಷ್ಟ, ಇನ್ನೊಂದು ಬದಿ ಮಸುಕು. ಮಸೂರ ಕೆಟ್ಟಿದೆ ಎಂದು ಬರುವ ದೂರುಗಳಲ್ಲಿ ಹೆಚ್ಚಿನವುಗಳ ಮೂಲ ಈ ಮಡಿಕೆ.

ಮಸೂರ ಒಂದು ಪುಟ್ಟ ಗಾಜಿನ ಗುಂಡು. 140 ಪಟ್ಟು ದೊಡ್ಡದಾಗಿ ತೋರಿಸುವ ಮಾದರಿಯಲ್ಲಿ ಅದರ ವ್ಯಾಸ 2.4 ಮಿಲಿಮೀಟರ್. ಈ ಲೆಕ್ಕವನ್ನು ಒಮ್ಮೆ ಮಾಡಿ ನೋಡುವುದು ಒಳ್ಳೆಯದು, ಏಕೆಂದರೆ ಉಪಕರಣದ ಗುಣ ದೋಷಗಳೆಲ್ಲ ಅದರಲ್ಲೇ ಇವೆ. ಬೋರೋಸಿಲಿಕೇಟ್ ಗಾಜಿನ ಗುಂಡಿನ ನಾಭಿದೂರ ಸುಮಾರು 1.76 ಮಿ.ಮೀ. ಬರುತ್ತದೆ, ಬರಿಗಣ್ಣಿನ ಸಹಜ ದೂರವಾದ 250 ಮಿ.ಮೀ.ಯನ್ನು ಅದರಿಂದ ಭಾಗಿಸಿದರೆ 142. ಅಲ್ಲಿಗೆ 140 ಎಂಬುದು ಜಾಹೀರಾತಿನ ಉತ್ಪ್ರೇಕ್ಷೆಯಲ್ಲ. ಆದರೆ ನಾಭಿದೂರವನ್ನು ಅಳೆಯುವುದು ಗುಂಡಿನ ನಡುವಿನಿಂದ. ತ್ರಿಜ್ಯ 1.2 ಮಿ.ಮೀ. ಕಳೆದರೆ ಗುಂಡಿನ ಮೈಗೂ ನೋಡುವ ವಸ್ತುವಿಗೂ ನಡುವೆ ಉಳಿಯುವುದು ಅರ್ಧ ಮಿ.ಮೀ.ಗಿಂತ ತುಸು ಹೆಚ್ಚು, ಅಷ್ಟೆ.

ಈ ಅರ್ಧ ಮಿಲಿಮೀಟರೇ ಎಲ್ಲವನ್ನೂ ನಿರ್ಧರಿಸುತ್ತದೆ. ಹನಿಯ ಮೇಲೆ ಮುಚ್ಚುವ ತೆಳು ಗಾಜಾದ ಕವರ್ ಸ್ಲಿಪ್ಪಿನ ದಪ್ಪ ಸುಮಾರು 0.17 ಮಿ.ಮೀ., ಗಾಜಿನ ಸ್ಲೈಡಿನದು ಸುಮಾರು 1 ಮಿ.ಮೀ. ಕವರ್ ಸ್ಲಿಪ್ ಇರುವ ಮೈ ಮಸೂರದ ಕಡೆಗಿದ್ದರೆ ಮಾತ್ರ ಚಿತ್ರ ಮೂಡುತ್ತದೆ. ಸ್ಲೈಡನ್ನು ತಿರುಗಿಸಿ ತೂರಿಸಿದರೆ ಎಷ್ಟು ಹೊತ್ತು ಸರಿಸಿದರೂ ಬರೀ ಹಸಿರು ಮಂಜು. ಪ್ಲವಕಗಳನ್ನು (ನೀರಿನಲ್ಲಿ ತೇಲುವ ಸೂಕ್ಷ್ಮಜೀವಿಗಳನ್ನು) ಎಣಿಸಲು ಪ್ರಯೋಗಾಲಯದಲ್ಲಿ ಬಳಸುವ ಸೆಡ್ಜ್‌ವಿಕ್-ರಾಫ್ಟರ್ ಕೋಶದ ಆಳವೇ 1 ಮಿ.ಮೀ.; ತಳಕ್ಕೆ ಇಳಿದ ಜೀವಿಗಳವರೆಗೆ ಈ ಮಸೂರದ ನೋಟ ತಲುಪುವುದಿಲ್ಲ. ಲೀಟರಿಗೆ ಇಷ್ಟು ಕೋಶ ಎಂದು ವರದಿ ಬರೆಯುವ ಆಸೆಯನ್ನು ಇಲ್ಲೇ ಬಿಡಬೇಕು.

ಎರಡನೆಯ ಮಿತಿ ಬಿಡಿಸಿ ತೋರಿಸುವ ಶಕ್ತಿಯದು. ಸುಮಾರು 2 ಮೈಕ್ರಾನ್ (ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಭಾಗ) ಅಂತರದ ಎರಡು ಬಿಂದುಗಳನ್ನು ಬೇರೆ ಬೇರೆಯಾಗಿ ತೋರಿಸಬಲ್ಲದು, ಅದೂ ಚಿತ್ರದ ನಡುಭಾಗದಲ್ಲಿ. ಅಂಚಿನಲ್ಲಿ ಮಸುಕು ಸಹಜ, ಅದು ಗುಂಡು ಮಸೂರದ ಸ್ವಭಾವ. ಕಾಲೇಜಿನ ಸೂಕ್ಷ್ಮದರ್ಶಕದ 40 ಪಟ್ಟಿನ ಮಸೂರ ಅರ್ಧ ಮೈಕ್ರಾನಿನವರೆಗೂ ಬಿಡಿಸುತ್ತದೆ. ಫೋನಿನಲ್ಲಿ ಫೋಟೊ ತೆಗೆದು ಎಷ್ಟೇ ಹಿಗ್ಗಿಸಿದರೂ ಈ ಅಂತರ ತುಂಬುವುದಿಲ್ಲ.

ಹನಿ, ಬೆಳಕು, ಫೋನು

ಹನಿ ಚಿಕ್ಕದಿರಲಿ. ಒಂದು ಮಿಲಿಲೀಟರಿಗೆ 20 ಹನಿ ಬೀಳಿಸುವ ಡ್ರಾಪರಿನ ಒಂದು ಹನಿ 0.05 ಮಿ.ಲೀ. 22 ಮಿ.ಮೀ. ಚೌಕದ ಕವರ್ ಸ್ಲಿಪ್ಪಿನ ಅಡಿ ಅದು ಹರಡಿದರೆ ನೀರಿನ ಪದರ ಸುಮಾರು 0.1 ಮಿ.ಮೀ. ಈ ದಪ್ಪ ಸರಿಹೋಗುತ್ತದೆ. ಎರಡು ಹನಿ ಹಾಕಿದರೆ ಕವರ್ ಸ್ಲಿಪ್ ತೇಲುತ್ತದೆ, ಹೆಚ್ಚಾದ ನೀರು ಕಾಗದದ ಸಂದಿಗೆ ಇಳಿಯುತ್ತದೆ, ಮಸೂರಕ್ಕೆ ತಾಗಿದರೆ ಒಣಗಿದ ಮೇಲೆ ಉಪ್ಪಿನ ಕಲೆ ಉಳಿಯುತ್ತದೆ. ಅಂಚಿಗೆ ಟಿಶ್ಯೂ ಕಾಗದದ ಮೂಲೆ ತಾಗಿಸಿ ಹೆಚ್ಚುವರಿ ನೀರು ಹೀರಿಸಿಬಿಡಿ. ಹಾಗೆ ಪದರ ತೆಳುವಾದಷ್ಟೂ ಓಡಾಡುವ ಏಕಕೋಶ ಜೀವಿಗಳಾದ ಯೂಗ್ಲೀನಾಗಳೂ ನಿಧಾನವಾಗುತ್ತವೆ.

ಕಣ್ಣಿಗೆ ಹಿಡಿದು ನೋಡುವಾಗ ಸ್ಲೈಡ್ ನೆಟ್ಟಗೆ ನಿಲ್ಲುತ್ತದೆ ಎಂಬುದನ್ನು ಬಹಳ ಜನ ಗಮನಿಸುವುದಿಲ್ಲ. ನೀರಿನಲ್ಲಿರುವ ಮಣ್ಣಿನ ಕಣ, ಗಾಜಿನಂಥ ಚಿಪ್ಪುಳ್ಳ ಪಾಚಿಯಾದ ಡಯಾಟಮ್ ಮೆಲ್ಲಗೆ ಕೆಳಗಿಳಿಯುತ್ತವೆ. ಗಾಳಿಕೋಶವುಳ್ಳ ನೀಲಿ-ಹಸಿರು ಪಾಚಿ ಮೇಲೇರುತ್ತದೆ. ನಡುವಿನಲ್ಲಷ್ಟೇ ಹುಡುಕಿ ಏನೂ ಇಲ್ಲ ಎಂದು ಬರೆಯಬಾರದು. ಫೋನಿಗೆ ಅಂಟಿಸಿ ಅಡ್ಡಲಾಗಿ ಮಲಗಿಸಿ ನೋಡಿದರೆ ಈ ತೊಂದರೆ ಇಲ್ಲ. ಇನ್ನೊಂದು ವಿಷಯ: ಇದು ಒಂಟಿ ಮಸೂರವಾದ್ದರಿಂದ ಚಿತ್ರ ತಲೆಕೆಳಗಾಗುವುದಿಲ್ಲ. ಕಾಲೇಜಿನ ಸೂಕ್ಷ್ಮದರ್ಶಕಕ್ಕೆ ಕೈ ಒಗ್ಗಿದವರು ಮೊದಮೊದಲು ಸ್ಲೈಡನ್ನು ಉಲ್ಟಾ ಸರಿಸುತ್ತಾರೆ.

ಬೆಳಕಿಗೆ ಬಿಳಿ ಮೋಡ ಅಥವಾ ಸುಣ್ಣ ಬಳಿದ ಗೋಡೆ ಚೆನ್ನ. ಸೂರ್ಯನತ್ತ ಹಿಡಿದು ನೋಡುವುದು ಕಣ್ಣಿಗೆ ಅಪಾಯ. ಮಕ್ಕಳ ಕೈಗೆ ಕೊಡುವ ಮುನ್ನ ಇದನ್ನು ಹೇಳಲೇಬೇಕು. ಟಾರ್ಚ್ ಬಳಸುವುದಾದರೆ ಮುಂದೆ ಒಂದು ಪದರ ಟಿಶ್ಯೂ ಕಾಗದ ಹಿಡಿದರೆ ಬೆಳಕು ಸಮನಾಗಿ ಹರಡುತ್ತದೆ.

ಅಯಸ್ಕಾಂತದ ಬಿಲ್ಲೆಯನ್ನು ಫೋನಿನ ಕ್ಯಾಮೆರಾದ ಸುತ್ತ ಅಂಟಿಸುವ ಏರ್ಪಾಡು ಒಂದೇ ಕ್ಯಾಮೆರಾ ಇದ್ದ ಕಾಲಕ್ಕೆ ಹೇಳಿ ಮಾಡಿಸಿದ್ದು. ಈಗಿನ ಫೋನುಗಳಲ್ಲಿ ಮೂರು ಕಣ್ಣು, ಅವುಗಳ ಸುತ್ತ ಉಬ್ಬು. ಬಿಲ್ಲೆ ಸಮನಾಗಿ ಕೂರದಿದ್ದರೆ ಚಿತ್ರದ ಒಂದು ಬದಿ ಕಪ್ಪಾಗುತ್ತದೆ. ಮುಖ್ಯ ಕ್ಯಾಮೆರಾಕ್ಕೇ ಅಂಟಿಸಿ, ಹತ್ತಿರದ ವಸ್ತುವಿಗೆ ತಾನಾಗಿ ಇನ್ನೊಂದು ಕ್ಯಾಮೆರಾಕ್ಕೆ ಜಿಗಿಯುವ ಮ್ಯಾಕ್ರೊ ಆಯ್ಕೆಯನ್ನು ಆಫ್ ಮಾಡಿಬಿಡಿ. ಕ್ಯಾಮೆರಾದ ಫೋಕಸನ್ನು ಅನಂತಕ್ಕೆ ಕಟ್ಟಿಹಾಕಿ, ಉಳಿದ ಹೊಂದಾಣಿಕೆಯನ್ನು ಫೋಲ್ಡ್‌ಸ್ಕೋಪಿನ ಕಾಗದದ ಜಾರುಪಟ್ಟಿಯಿಂದಲೇ ಮಾಡಿ.

ಅಳತೆ ಬೇಕಿದ್ದರೆ ಹತ್ತಿರದ ಕಾಲೇಜಿನ ಸಸ್ಯಶಾಸ್ತ್ರ ವಿಭಾಗಕ್ಕೆ ಒಮ್ಮೆ ಹೋಗಿ ಸ್ಟೇಜ್ ಮೈಕ್ರೊಮೀಟರ್ ಕೇಳಿ. ಅದರಲ್ಲಿ 1 ಮಿ.ಮೀ.ಯನ್ನು 100 ಭಾಗ ಮಾಡಿರುತ್ತಾರೆ, ಗೆರೆಗೆ ಗೆರೆ 10 ಮೈಕ್ರಾನ್. ನಿಮ್ಮ ಫೋಲ್ಡ್‌ಸ್ಕೋಪಿನಲ್ಲಿ, ನಿಮ್ಮ ಫೋನಿನಲ್ಲಿ, ಜೂಮ್ ಮಾಡದೆ ಅದರ ಒಂದು ಫೋಟೊ ತೆಗೆದಿಟ್ಟುಕೊಂಡರೆ ಮುಂದೆ ತೆಗೆಯುವ ಪ್ರತಿ ಫೋಟೊಕ್ಕೂ ಅದೇ ಅಳತೆಗೋಲು. ಫೋನ್ ಬದಲಾದರೆ ಮತ್ತೆ ತೆಗೆಯಬೇಕು. ತಲೆಗೂದಲನ್ನು ಅಳತೆಗೆ ಇಡುವ ಸಲಹೆ ಕೇಳಿಬರುತ್ತದೆ. ಕೂದಲಿನ ದಪ್ಪ ಒಬ್ಬರಿಂದ ಒಬ್ಬರಿಗೆ ಎರಡು ಪಟ್ಟು ವ್ಯತ್ಯಾಸವಾಗಬಲ್ಲದು, ಅದನ್ನು ನೆಚ್ಚಬೇಡಿ.

ಯಾವುದು ಕಾಣುತ್ತದೆ

ಬೆಂಗಳೂರಿನ ಕೆರೆಗಳಂತೆ ಕೊಳಚೆ ಸೇರುವ ನೀರಿನಲ್ಲಿ ಮೊದಲು ಎದುರಾಗುವುದು ಯೂಗ್ಲೀನಾ. ಉದ್ದ ಹಲವು ಹತ್ತು ಮೈಕ್ರಾನ್, ಹಸಿರು, ಒಂದು ಕೆಂಪು ಚುಕ್ಕಿ, ಮೈ ಹಿಗ್ಗಿಸಿ ಕುಗ್ಗಿಸುವ ಚಲನೆ. ಅದನ್ನು ಈಜಿಸುವ ಕಶಾಂಗ ಮಾತ್ರ ಈ ಮಸೂರಕ್ಕೆ ಸಿಗುವುದಿಲ್ಲ. ಎಲೆಯಾಕಾರದ, ಬಾಗದ ಮೈಯದು ಫೇಕಸ್. ನಾಲ್ಕು ಕೋಶ ಪಕ್ಕಪಕ್ಕ ಅಂಟಿಕೊಂಡಿದ್ದರೆ ಸೀನೆಡೆಸ್ಮಸ್. ಚಕ್ರದಂಥ ಪೀಡಿಯಾಸ್ಟ್ರಮ್ ಅಂತೂ ಈ ಉಪಕರಣದಲ್ಲಿ ನೋಡಲು ಬಲು ಚೆಂದ. ದೋಣಿಯಾಕಾರದ ಕಂದು ಡಯಾಟಮ್‌ಗಳಲ್ಲಿ ನ್ಯಾವಿಕ್ಯುಲಾ, ನಿಟ್ಸ್‌ಚಿಯಾಗಳನ್ನು ಆಕಾರದಿಂದ ಕುಲದ ಮಟ್ಟಕ್ಕೆ ಊಹಿಸಬಹುದು; ಪ್ರಭೇದ ಗುರುತಿಸಲು ಬೇಕಾದ ಚಿಪ್ಪಿನ ಗೆರೆಗಳು 2 ಮೈಕ್ರಾನಿಗಿಂತ ಒತ್ತಾಗಿರುವುದರಿಂದ ಕಾಣವು. ಚಿಪ್ಪನ್ನು ಆಮ್ಲದಲ್ಲಿ ಕುದಿಸಿ ಶುಚಿ ಮಾಡುವ ಶ್ರಮ ಇಲ್ಲಿ ದಂಡ. ಕ್ಲೋರೆಲ್ಲಾ ಹಸಿರು ಚುಕ್ಕಿ ಮಾತ್ರ, ಇನ್ನಾವುದೋ ಹಸಿರು ಚುಕ್ಕಿಯಿಂದ ಬೇರೆ ಮಾಡಲಾಗದು.

ಬೇಸಿಗೆಯಲ್ಲಿ ನೀರಿನ ಮೇಲೆ ಹಸಿರು ಬಣ್ಣ ಚೆಲ್ಲಿದಂತೆ ಕಾಣುವ ಪದರ ಸಾಮಾನ್ಯವಾಗಿ ಮೈಕ್ರೊಸಿಸ್ಟಿಸ್, ನೀಲಿ-ಹಸಿರು ಪಾಚಿ. ಲೋಳೆಯೊಳಗೆ ನೂರಾರು ಪುಟ್ಟ ಕೋಶಗಳು ಅಂಕುಡೊಂಕು ಗುಂಪುಗಳಾಗಿರುತ್ತವೆ. ಒಂದೊಂದು ಕೋಶ ಕೆಲವೇ ಮೈಕ್ರಾನ್, ಕಾಣುವುದು ಕಪ್ಪುಹಸಿರು ಕಾಳಿನಂತೆ. ಅನುಮಾನವಿದ್ದರೆ ಸೂಜಿಯಿಲ್ಲದ 5 ಮಿ.ಲೀ. ಸಿರಿಂಜ್ ಒಂದು ಸಾಕು. ನೀರು ತುಂಬಿ, ಗಾಳಿಯ ಗುಳ್ಳೆ ಪೂರ್ತಿ ಹೊರಹಾಕಿ, ತುದಿಯನ್ನು ಬಿಗಿಯಾಗಿ ಮುಚ್ಚಿ ಪಿಸ್ಟನ್ನನ್ನು ಬಲವಾಗಿ ಒತ್ತಿ. ಕೋಶದೊಳಗಿನ ಗಾಳಿಕೋಶಗಳು ಒತ್ತಡಕ್ಕೆ ಕುಸಿಯುತ್ತವೆ. ಹಾಲು ಬೆರೆತಂತಿದ್ದ ಹಸಿರು ಗಾಢವಾಗುತ್ತದೆ, ಅದುವರೆಗೆ ತೇಲುತ್ತಿದ್ದ ಪಾಚಿ ಮುಳುಗತೊಡಗುತ್ತದೆ. ದೊಡ್ಡ ಸಿರಿಂಜಿನಲ್ಲಿ ಹೆಬ್ಬೆರಳಿನ ಬಲ ಅಗಲವಾದ ಪಿಸ್ಟನ್ ಮೇಲೆ ಹಂಚಿಹೋಗಿ ಒತ್ತಡ ಸಾಲದೆ ಬರುತ್ತದೆ. ಗಾಳಿ ಗುಳ್ಳೆ ಉಳಿದರೂ ಅಷ್ಟೆ, ಗುಳ್ಳೆ ಕುಗ್ಗುತ್ತದೆ, ಪಾಚಿಗೆ ಏನೂ ಆಗುವುದಿಲ್ಲ.

ಮೈಕ್ರೊಸಿಸ್ಟಿಸ್ ಕಂಡಿತೆಂದರೆ ನೀರಿನಲ್ಲಿ ವಿಷವಿದೆ ಎಂದೇನೂ ಅಲ್ಲ, ಇರಬಹುದು ಎಂದು. ಒಂದೇ ಪ್ರಭೇದದಲ್ಲಿ ವಿಷ ಮಾಡುವ ತಳಿಯೂ ಮಾಡದ ತಳಿಯೂ ಇರುತ್ತವೆ, ನೋಟದಲ್ಲಿ ಎರಡೂ ಒಂದೇ. ಕುಡಿಯುವ ನೀರಿನಲ್ಲಿ ಮೈಕ್ರೊಸಿಸ್ಟಿನ್-ಎಲ್‌ಆರ್ ವಿಷಕ್ಕೆ ವಿಶ್ವ ಆರೋಗ್ಯ ಸಂಸ್ಥೆ ಹೇಳುವ ದೀರ್ಘಾವಧಿ ಮಿತಿ ಲೀಟರಿಗೆ 1 ಮೈಕ್ರೊಗ್ರಾಂ. ಇದನ್ನು ಅಳೆಯುವುದು ಪ್ರಯೋಗಾಲಯದ ಕೆಲಸ, ಕುದಿಸಿದರೂ ಹೋಗದ ವಿಷ ಅದು. ಪದರ ಕಂಡ ದಿನ ಕೈಗವಸು ಹಾಕಿಯೇ ನೀರು ತೆಗೆಯಿರಿ.

ನೀರಸಸ್ಯಗಳ ಮಟ್ಟಿಗೆ ಫೋಲ್ಡ್‌ಸ್ಕೋಪ್ ನಿರೀಕ್ಷೆಗಿಂತ ಹೆಚ್ಚು ಕೊಡುತ್ತದೆ. ಅಜೋಲಾದ ಒಂದು ಎಸಳನ್ನು ಸ್ಲೈಡಿನ ಮೇಲೆ ಹನಿ ನೀರಿನಲ್ಲಿ ಅರೆದು, ದಪ್ಪ ಚೂರುಗಳನ್ನು ತೆಗೆದು ಕವರ್ ಸ್ಲಿಪ್ ಮುಚ್ಚಿ. ಎಲೆಯ ಗೂಡಿನಲ್ಲಿ ವಾಸಿಸುವ ಅನಬೀನಾ ಎಂಬ ನೀಲಿ-ಹಸಿರು ಪಾಚಿಯ ಮಣಿಸರಗಳು ಹೊರಬಂದಿರುತ್ತವೆ. ನಡುನಡುವೆ ತುಸು ದೊಡ್ಡದಾದ, ತಿಳಿಬಣ್ಣದ ಕೋಶಗಳೇ ಗಾಳಿಯ ಸಾರಜನಕ ಹಿಡಿಯುವಂಥವು. ಹೈಡ್ರಿಲ್ಲಾ ಎಲೆ ಎರಡೇ ಕೋಶಗಳ ದಪ್ಪ, ಕತ್ತರಿಸುವ ಗೋಜಿಲ್ಲದೆ ಹಾಗೇ ಇಟ್ಟು ನೋಡಬಹುದು. ಬೆಚ್ಚನೆಯ ಬೆಳಕಿನಲ್ಲಿ ಕೆಲವು ನಿಮಿಷ ಬಿಟ್ಟರೆ ಹಸಿರು ಕಣಗಳು ಕೋಶದ ಗೋಡೆಗುಂಟ ಸುತ್ತುವುದು ಕಾಣುತ್ತದೆ. ಅಂತರಗಂಗೆಯ ಬೇರನ್ನು ಡಬ್ಬಿಯೊಳಗೆ ಹಿಂಡಿ ಆ ಬಗ್ಗಡದ ಒಂದು ಹನಿ ನೋಡಿ. ತೆರೆದ ನೀರಿನಲ್ಲಿ ಸಿಗದ ಡಯಾಟಮ್‌ಗಳು ಅಲ್ಲಿ ಸಿಗುತ್ತವೆ. ಅಂದಹಾಗೆ, ನೀರಿನ ಮೇಲೆ ಹಸಿರು ಕಾಳು ಹರಡಿದಂತೆ ತೇಲುವ ವುಲ್ಫಿಯಾ ಪಾಚಿಯಲ್ಲ, ಹೂಬಿಡುವ ಸಸ್ಯ. ಒಂದೊಂದೂ ಮಿಲಿಮೀಟರಿಗಿಂತ ಚಿಕ್ಕದು, ಆದರೂ ಈ ಮಸೂರಕ್ಕೆ ಬಹಳ ದೊಡ್ಡದು. ಅದಕ್ಕೆ ಕೈಭೂತಗನ್ನಡಿ ಸಾಕು.

ಮಾದರಿಯನ್ನು ಜೀವಂತವಾಗಿಯೇ ನೋಡುವುದು ಉತ್ತಮ. ಬಾಟಲಿ ಅರ್ಧ ಮಾತ್ರ ತುಂಬಿ, ನೆರಳಿನಲ್ಲಿಟ್ಟು, ಕೆಲವು ಗಂಟೆಯೊಳಗೆ ನೋಡಿ. ಉಳಿಸಿಕೊಳ್ಳಬೇಕಾದರೆ ಲೂಗಾಲ್ ದ್ರಾವಣ: 200 ಮಿ.ಲೀ. ಬಟ್ಟಿ ಇಳಿಸಿದ ನೀರಿನಲ್ಲಿ ಮೊದಲು 20 ಗ್ರಾಂ ಪೊಟ್ಯಾಸಿಯಮ್ ಅಯೊಡೈಡ್ ಕರಗಿಸಿ, ಆಮೇಲೆ 10 ಗ್ರಾಂ ಅಯೊಡಿನ್, ಕೊನೆಗೆ 20 ಮಿ.ಲೀ. ಗ್ಲೇಷಿಯಲ್ ಅಸಿಟಿಕ್ ಆಮ್ಲ. ಅಯೊಡಿನ್ ಮೊದಲು ಹಾಕಿದರೆ ಕರಗದೆ ತಳದಲ್ಲಿ ಕೂರುತ್ತದೆ. 100 ಮಿ.ಲೀ. ಕೆರೆ ನೀರಿಗೆ 0.3ರಿಂದ 0.7 ಮಿ.ಲೀ. ಸಾಕು, ದಟ್ಟ ಹಸಿರು ನೀರು ಹೆಚ್ಚು ಕುಡಿಯುತ್ತದೆ, ತಿಳಿ ಡಿಕಾಕ್ಷನ್ ಬಣ್ಣ ಬರುವವರೆಗೆ ಹಾಕಿ. ಕೆಲವು ವಾರಗಳಲ್ಲಿ ಬಣ್ಣ ಮಾಸಿದರೆ ಮತ್ತೆ ಒಂದೆರಡು ಹನಿ. ನೀರು ನಿಂತು ಪಾಚಿ ತಳ ಸೇರಲು ಪ್ರತಿ ಸೆಂಟಿಮೀಟರ್ ಎತ್ತರಕ್ಕೆ ನಾಲ್ಕು ಗಂಟೆಯಂತೆ ಲೆಕ್ಕ ಹಿಡಿಯಿರಿ. 10 ಸೆಂ.ಮೀ. ಎತ್ತರ ನಿಂತ 100 ಮಿ.ಲೀ. ನೀರನ್ನು ಎರಡು ದಿನ ಅಲುಗಿಸದೆ ಬಿಟ್ಟು, ಮೇಲಿನ 90 ಮಿ.ಲೀ.ಯನ್ನು ತೆಳು ನಳಿಕೆಯಿಂದ ಹೀರಿ ಚೆಲ್ಲಿದರೆ ಉಳಿದದ್ದು ಹತ್ತು ಪಟ್ಟು ಸಾಂದ್ರ. ತೇಲುವ ಪಾಚಿ ಮೇಲಿನ ನೀರಿನ ಜೊತೆಗೇ ಹೋಗಿಬಿಡುತ್ತದೆ, ಅಂಥ ಮಾದರಿಗೆ ಮೊದಲೇ ಸಿರಿಂಜಿನ ಒತ್ತಡ ಕೊಟ್ಟಿರಬೇಕು.

ಲೂಗಾಲ್ ಹಾಕಿದ ಮೇಲೆ ಎಲ್ಲವೂ ಕಂದು, ಬಣ್ಣದಿಂದ ಗುರುತಿಸುವುದು ಮುಗಿಯಿತು. ಒಂದು ಲಾಭವಿದೆ: ಹಸಿರು ಪಾಚಿಗಳಲ್ಲಿರುವ ಪಿಷ್ಟ ಅಯೊಡಿನ್‌ಗೆ ಕಡುನೀಲಿಯಾಗುತ್ತದೆ, ಯೂಗ್ಲೀನಾ ಕೂಡಿಡುವ ಪ್ಯಾರಾಮೈಲಾನ್ ಆಗುವುದಿಲ್ಲ. ಮುದುಡಿ ಉಂಡೆಯಾದ ಕೋಶ ಯಾವುದೆಂದು ಹೊಳೆಯದಿದ್ದಾಗ ಇದೇ ಗುರುತು.

ಪಾಮರ್ ಸೂಚ್ಯಂಕದ ಮೋಹ

ಪಾಚಿಗಳ ಪಟ್ಟಿ ಕೈಗೆ ಬಂದ ಕೂಡಲೇ ಎಲ್ಲರೂ ಓಡುವುದು ಪಾಮರ್ ಸೂಚ್ಯಂಕಕ್ಕೆ. 1969ರಲ್ಲಿ ಪ್ರಕಟವಾದ ಇದರಲ್ಲಿ 20 ಕುಲಗಳಿಗೆ ಅಂಕಗಳಿವೆ; ಒಟ್ಟು 20 ಅಥವಾ ಹೆಚ್ಚಿದ್ದರೆ ಸಾವಯವ ಮಾಲಿನ್ಯ ತೀವ್ರ, 15ರಿಂದ 19 ಇದ್ದರೆ ಇರುವ ಸಂಭವ. ಯೂಗ್ಲೀನಾ 5, ಸೀನೆಡೆಸ್ಮಸ್ 4, ನ್ಯಾವಿಕ್ಯುಲಾ 3, ನಿಟ್ಸ್‌ಚಿಯಾ 3, ಫೇಕಸ್ 2, ಆಂಕಿಸ್ಟ್ರೋಡೆಸ್ಮಸ್ 2, ಕ್ಲಾಸ್ಟೀರಿಯಮ್ 1. ಇಷ್ಟು ಸೇರಿದರೇ 20. ಇವೆಲ್ಲ ಫೋಲ್ಡ್‌ಸ್ಕೋಪಿಗೆ ಸಿಗುವಂಥವು. ಆದರೆ 4 ಅಂಕದ ಕ್ಲ್ಯಾಮಿಡೊಮೊನಾಸ್, 3 ಅಂಕದ ಕ್ಲೋರೆಲ್ಲಾ ಖಚಿತವಾಗಿ ಸಿಗುವುದಿಲ್ಲ. ಹಾಗಾಗಿ ಇದರಲ್ಲಿ ಬರುವ ಮೊತ್ತವನ್ನು "ಕನಿಷ್ಠ ಇಷ್ಟು" ಎಂದೇ ಬರೆಯಬೇಕು. ಇನ್ನೂ ದೊಡ್ಡ ತೊಡಕು ಸೂಚ್ಯಂಕದ್ದೇ: ಮೈಕ್ರೊಸಿಸ್ಟಿಸ್ ಆಗ ಅನಸಿಸ್ಟಿಸ್ ಎಂಬ ಹೆಸರಿನಡಿ ಇತ್ತು, ಅದಕ್ಕೆ ಕೊಟ್ಟದ್ದು 1 ಅಂಕ. ಏರಿಯಿಂದ ಕೋಡಿಯವರೆಗೆ ಮೈಕ್ರೊಸಿಸ್ಟಿಸ್ ಪದರ ಕಟ್ಟಿದ ಕೆರೆಗೆ ಪಾಮರ್ ಲೆಕ್ಕದಲ್ಲಿ ಒಂದೇ ಅಂಕ ಬರಬಹುದು. ಅಲ್ಲಲ್ಲಿ ಒಂದೊಂದು ಕೋಶ ಕಂಡ ಕುಲವನ್ನೂ ಸೇರಿಸಿ ಅಂಕ ಏರಿಸುವುದು ಇನ್ನೊಂದು ಕೆಟ್ಟ ಚಾಳಿ. ಹಲವು ಹನಿಗಳಲ್ಲಿ ಮತ್ತೆ ಮತ್ತೆ ಸಿಕ್ಕರೆ ಮಾತ್ರ ಸೇರಿಸಿ.

ಹಾಗಿದ್ದರೆ ಇದರ ನಿಜವಾದ ಉಪಯೋಗವೇನು? ಪ್ರಯೋಗಾಲಯಕ್ಕೆ ಯಾವ ಪ್ರಶ್ನೆ ಕೇಳಬೇಕು, ಯಾವ ಹೊತ್ತಿನಲ್ಲಿ ನೀರು ತೆಗೆಯಬೇಕು ಎಂದು ತಿಳಿಯುವುದು. ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ವರ್ಗೀಕರಣದಲ್ಲಿ ಮೀನು ಮತ್ತು ವನ್ಯಜೀವಿಗಳಿಗೆ ಯೋಗ್ಯವಾದ 'ಡಿ' ವರ್ಗಕ್ಕೆ ಪಿಎಚ್ 6.5ರಿಂದ 8.5, ಕರಗಿದ ಆಮ್ಲಜನಕ ಲೀಟರಿಗೆ 4 ಮಿ.ಗ್ರಾಂ ಅಥವಾ ಹೆಚ್ಚು, ಮುಕ್ತ ಅಮೋನಿಯಾ 1.2 ಮಿ.ಗ್ರಾಂ ಒಳಗೆ ಇರಬೇಕು. ಪಾಚಿಯ ಮಾತೇ ಇಲ್ಲ. ಪಾಚಿ ದಟ್ಟವಾದ ಕೆರೆಯಲ್ಲಿ ಹಗಲು ಹನ್ನೊಂದರ ಹೊತ್ತಿಗೆ ದ್ಯುತಿಸಂಶ್ಲೇಷಣೆಯಿಂದ ಆಮ್ಲಜನಕ 4 ದಾಟಿ ಎಲ್ಲೋ ಹೋಗಿರುತ್ತದೆ. ಅದೇ ಕೆರೆಯಲ್ಲಿ ಕೋಳಿ ಕೂಗುವ ಹೊತ್ತಿಗೆ ಪಾಚಿ, ಬ್ಯಾಕ್ಟೀರಿಯಾ ಎಲ್ಲ ಉಸಿರಾಡಿ ಸೊನ್ನೆಯ ಹತ್ತಿರಕ್ಕೆ ಇಳಿದಿರಬಹುದು. 2016ರ ಮಾರ್ಚಿನಲ್ಲಿ ಹಲಸೂರು ಕೆರೆಯಲ್ಲಿ ಆದಂಥ ಮೀನುಗಳ ಸಾಮೂಹಿಕ ಸಾವಿನ ಸುದ್ದಿ ಬಂದಾಗಲೆಲ್ಲ ನೋಡಬೇಕಾದದ್ದು ಬೆಳಗಿನ ಜಾವದ ಆಮ್ಲಜನಕ, ಮಧ್ಯಾಹ್ನದ್ದಲ್ಲ. ಹಗಲಿನಲ್ಲಿ ಪಾಚಿ ಇಂಗಾಲದ ಡೈಆಕ್ಸೈಡ್ ಹೀರುವುದರಿಂದ ಪಿಎಚ್ 9 ದಾಟುವುದೂ ಉಂಟು. ಪಿಎಚ್ ಏರಿದಂತೆ ಅಮೋನಿಯಂ ಮೀನಿಗೆ ವಿಷವಾದ ಮುಕ್ತ ಅಮೋನಿಯಾ ಆಗಿ ಮಾರ್ಪಡುತ್ತದೆ. ಹನಿಯಲ್ಲಿ ಪಾಚಿ ದಟ್ಟವಾಗಿ ಕಂಡರೆ ಸೂರ್ಯ ಹುಟ್ಟುವ ಮುನ್ನ ಒಮ್ಮೆ, ಮಧ್ಯಾಹ್ನ ಎರಡರ ಸುಮಾರಿಗೆ ಒಮ್ಮೆ ಆಮ್ಲಜನಕ ಮತ್ತು ಪಿಎಚ್ ಅಳೆಸಿ, ಜೊತೆಗೆ ಒಟ್ಟು ರಂಜಕ ಮತ್ತು ಕ್ಲೋರೊಫಿಲ್-ಎ (ಪಾಚಿಯ ಪ್ರಮಾಣ ತಿಳಿಸುವ ಹಸಿರು ವರ್ಣಕ) ಕೇಳಿ. ಪಾಚಿ ಹೆಚ್ಚಿಲ್ಲದೆ ನೀರು ಬೂದುಬಣ್ಣಕ್ಕಿದ್ದು ನಾರುತ್ತಿದ್ದರೆ ರಾಜಕಾಲುವೆಯಿಂದ ಹಸಿ ಕೊಳಚೆ ಬರುತ್ತಿರುವ ಸಂಶಯ. ಆಗ ಬಿಒಡಿ (ನೀರಿನ ಸಾವಯವ ಕೊಳೆ ಕರಗಲು ಬೇಕಾಗುವ ಆಮ್ಲಜನಕದ ಅಳತೆ) ಮತ್ತು ಕೋಲಿಫಾರ್ಮ್ (ಮಲ ಸೇರಿರುವ ಸೂಚನೆ ಕೊಡುವ ಬ್ಯಾಕ್ಟೀರಿಯಾ) ಕೇಳಬೇಕು.

ಬೆಂಗಳೂರಿನ ಜಕ್ಕೂರು ಕೆರೆಯಂತೆ ಶುದ್ಧೀಕರಿಸಿದ ನೀರು ಜೊಂಡಿನ ಜೌಗಿನ ಮೂಲಕ ಹಾದು ಬರುವಲ್ಲಿ ಒಳಹರಿವು, ಜೌಗಿನ ಹೊರಬಾಯಿ, ಕೋಡಿ ಎಂದು ಮೂರು ಕಡೆಯ ಹನಿಗಳನ್ನು ಒಂದೇ ದಿನ ನೋಡಿ. ನೀರು ಸಾಗುತ್ತಾ ಪಾಚಿ ಹೇಗೆ ಬದಲಾಗುತ್ತದೆ ಎಂಬುದು ಕೆರೆಯ ನಡುವಿನ ಒಂದೇ ಹನಿಯಿಂದ ಗೊತ್ತಾಗುವುದಿಲ್ಲ.

ಕೆರೆ ಬಳಗಗಳು, ಪ್ರೌಢಶಾಲೆಗಳು, ಪದವಿ ಕಾಲೇಜಿನ ಮೊದಲ ವರ್ಷದವರು ಕೊಳ್ಳಬಹುದು. ಒಂದು ಗುಂಪಿಗೆ ಒಂದು ಸಾಲದು, ಒಬ್ಬರು ನೋಡುವಾಗ ಉಳಿದವರು ಸುಮ್ಮನೆ ನಿಲ್ಲಬೇಕಾಗುತ್ತದೆ. ಪ್ರಬಂಧಕ್ಕೆ ಪ್ರಭೇದಗಳ ಪಟ್ಟಿ ಬೇಕಾದ ಸಂಶೋಧನಾ ವಿದ್ಯಾರ್ಥಿಗೆ ಇದು ಕ್ಷೇತ್ರದ ಮೊದಲ ನೋಟಕ್ಕಷ್ಟೇ. ಕಿಟ್ಟಿನ ಕಾಗದದ ಸ್ಲೈಡುಗಳು ಪರಾಗ, ರೆಕ್ಕೆಯಂಥ ಒಣ ವಸ್ತುಗಳಿಗೆ ಒಗ್ಗುತ್ತವೆ. ಕೆರೆ ನೀರಿಗೆ ಗಾಜಿನ ಸ್ಲೈಡು, 22 ಮಿ.ಮೀ. ಕವರ್ ಸ್ಲಿಪ್ಪುಗಳ ಒಂದೊಂದು ಪೆಟ್ಟಿಗೆಯನ್ನು ಬೇರೆಯಾಗಿ ತಂದಿಟ್ಟುಕೊಳ್ಳಿ.

ಒಂದು ಕೆರೆಯಿಂದ ಇನ್ನೊಂದಕ್ಕೆ ಹೋಗುವ ಮುನ್ನ ಡ್ರಾಪರ್, ಬಾಟಲಿ, ಬಲೆ ಮೂರನ್ನೂ ನಲ್ಲಿ ನೀರಿನಲ್ಲಿ ತೊಳೆದು ಬಿಸಿಲಲ್ಲಿ ಪೂರ್ತಿ ಒಣಗಿಸಿ. ಬಲೆಯ ಹೊಲಿಗೆಯಲ್ಲಿ ಒಂದು ಚೂರು ಸಿಕ್ಕಿಕೊಂಡಿದ್ದರೂ ಅಜೋಲಾ ಹೊಸ ಕೆರೆಗೆ ದಾಟಲು ಅಷ್ಟೇ ಸಾಕು. ಫೋಲ್ಡ್‌ಸ್ಕೋಪನ್ನು ಮಾತ್ರ ಬಿಸಿಲಿಗಿಡಬೇಡಿ. ಬಿಡಿಸಿ, ಮಡಿಕೆಗಳ ಸಂದಿ ಒರೆಸಿ, ನೆರಳಿನಲ್ಲಿ ಒಣಗಲು ಬಿಟ್ಟು, ಮಸೂರಕ್ಕೆ ಗಾಳಿ ಊದುವ ರಬ್ಬರ್ ಬುರುಡೆ ಬಳಸಿ. ಅಂಗಿಯ ತುದಿಯಿಂದ ಉಜ್ಜಿದರೆ ಬೀಳುವ ಗೀರು ಎಲ್ಲ ಫೋಟೊಗಳಲ್ಲೂ ಒಂದೇ ಜಾಗದಲ್ಲಿ ಕಾಣುತ್ತಿರುತ್ತದೆ.